ಪೆನ್ಸಿಲ್ಲು, ಬಾಚಣಿಗೆ ಮತ್ತು ನಮ್ಮ ಕೂದಲು

ಹೆಣ್ಣು ನೋಡಲು ಬಂದ ಹಿರಿಯ ಹೆಂಗಸರು ಬೆನ್ನು ಸವರುವ ನೆಪದಲ್ಲಿ ಹುಡುಗಿಯ ಜಡೆ ಮುಟ್ಟಿ ನೋಡುತ್ತಿದ್ದ ಕಾಲ ಬಹಳ ಹಿಂದಿನದೇನೂ ಅಲ್ಲ. ಜಡೆಗೆ ಚೌರಿ ಸೇರಿದೆಯೋ, ಉದ್ದವೆಲ್ಲ ಸ್ವಂತದ್ದೋ ಎಂಬ ಪರೀಕ್ಷೆ ಅದು. ನೀಳವಾಗಿ, ದಟ್ಟವಾಗಿ, ಕಪ್ಪಗೆ ಮಿಂಚುತ್ತಾ ಬೆನ್ನ ಮೇಲೆ ನೇರವಾಗಿ ಇಳಿದಿದ್ದರೆ ಅದು ‘ಒಳ್ಳೇ ಕೂದಲು’. ತೆಳ್ಳಗಿದ್ದರೆ ಇಲಿಬಾಲ. ಗುಂಗುರಾಗಿ ಎದ್ದು ನಿಂತರೆ ‘ಹಠಮಾರಿ ಕೂದಲು, ಹುಡುಗಿಯೂ ಹಾಗೇ ಇದ್ದಾಳು’ ಎಂಬ ಷರಾ. ಪಾಪ, ಬೊಟ್ಟಿಟ್ಟುಕೊಂಡು ತಲೆ ತಗ್ಗಿಸಿ ಕುಳಿತ ಹುಡುಗಿ ತನ್ನ ತಲೆಯ ಮೇಲೆ ತಾನೇ ಬೆಳೆದದ್ದಕ್ಕೆ ಯಾವ ಉತ್ತರ ಕೊಟ್ಟಾಳು?

ಕೂದಲಿಗೆ ಒಳ್ಳೆಯದು, ಕೆಟ್ಟದ್ದು ಎಂದು ಹೆಸರಿಟ್ಟವರು ಯಾರು? ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲಿನ ಮಕ್ಕಳಿಗೆ ಚರಿತ್ರೆ ಹೇಳುತ್ತಿರುವ ನನಗೆ ಈ ಪ್ರಶ್ನೆ ರಾಜರ ವಂಶಾವಳಿಗಿಂತ ಹೆಚ್ಚು ಕುತೂಹಲದ್ದಾಗಿ ಕಂಡಿದೆ. ಹುಡುಕುತ್ತಾ ಹೋದರೆ ಅದು ನಮ್ಮ ಬಚ್ಚಲುಮನೆಯಿಂದ ಹೊರಟು ಲಂಡನ್, ಅಮೆರಿಕ, ದಕ್ಷಿಣ ಆಫ್ರಿಕಾಗಳನ್ನೆಲ್ಲ ಸುತ್ತಿ, ನಮ್ಮ ಉತ್ತರ ಕನ್ನಡದ ಕಾಡಿಗೇ ತಂದು ಬಿಡುತ್ತದೆ.

ಮೊದಲು ಕೂದಲೆಂದರೆ ಏನೆಂಬುದನ್ನು ನೋಡೋಣ. ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಚರ್ಮದೊಳಗಿನ ಒಂದು ಪುಟ್ಟ ಚೀಲದಿಂದ ಹುಟ್ಟಿ, ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. 2ರಿಂದ 6 ವರ್ಷ ಬೆಳೆದ ಮೇಲೆ ವಿಶ್ರಮಿಸಿ, ಉದುರಿ, ಮತ್ತೊಂದಕ್ಕೆ ಜಾಗ ಬಿಡುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ, ಅದು ಅದರ ಧರ್ಮ. ಆ ಪುಟ್ಟ ಚೀಲ ನೇರವಾಗಿದ್ದರೆ ಕೂದಲು ದುಂಡಗೆ, ನೇರವಾಗಿ ಬೆಳೆಯುತ್ತದೆ. ಚೀಲ ಬಾಗಿದ್ದರೆ ಕೂದಲು ತುಸು ಚಪ್ಪಟೆಯಾಗಿ, ಸುರುಳಿ ಸುತ್ತುತ್ತಾ ಹೊರಬರುತ್ತದೆ. ತಲೆಯ ಚರ್ಮದಲ್ಲಿ ಒಸರುವ ಜಿಡ್ಡು ನೇರ ಕೂದಲಿನ ಮೇಲೆ ಜಾರುಬಂಡೆಯಲ್ಲಿ ಇಳಿದಂತೆ ತುದಿಯವರೆಗೆ ಇಳಿಯುತ್ತದೆ. ಗುಂಗುರು ಕೂದಲಿನಲ್ಲಿ ಅದಕ್ಕೆ ತಿರುವು ತಿರುವಿನ ಘಾಟಿ ದಾರಿ. ಹಾಗಾಗಿ ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಗಿರುತ್ತದೆ, ಬೇಗ ಮುರಿಯುತ್ತದೆ. ಇಷ್ಟೇ ವ್ಯತ್ಯಾಸ. ಇದರಲ್ಲಿ ಹಠವೂ ಇಲ್ಲ, ಗುಣವೂ ಇಲ್ಲ.

ನಮ್ಮ ಹಿಂದಿನವರಿಗೆ ಸುರುಳಿಯ ಮೇಲೆ ದ್ವೇಷವಿರಲಿಲ್ಲ. ಕನ್ನಡದಲ್ಲಿ ಕುರುಳು, ಮುಂಗುರುಳು, ಅಳಕ ಎಂದು ಎಷ್ಟು ಮುದ್ದಾದ ಮಾತುಗಳಿವೆ! ‘ಕುಟಿಲಕುಂತಳೆ’ ಎಂದರೆ ಬೈಗುಳವಲ್ಲ, ಬಾಗಿ ಬಳುಕಿದ ಕೂದಲಿನ ಚೆಲುವೆ. ಶ್ರವಣಬೆಳಗೊಳಕ್ಕೆ ಹೋದಾಗ ಗೊಮ್ಮಟನ ಪಾದಕ್ಕೆ ಕೈ ಮುಗಿದು ಬರುವ ನಾವು ಕತ್ತೆತ್ತಿ ಆತನ ತಲೆಯನ್ನು ಗಮನಿಸುವುದು ಕಡಿಮೆ. ಚಾವುಂಡರಾಯ 981ರಲ್ಲಿ ಪ್ರತಿಷ್ಠಾಪಿಸಿದ ಆ ಭವ್ಯ ಮೂರ್ತಿಯ ತಲೆಯ ತುಂಬ ಇರುವುದು ಸುರುಳಿ ಸುರುಳಿಯಾದ ಗುಂಗುರು ಕೂದಲು. ಸಾವಿರ ವರ್ಷಗಳಿಂದ ನಾಡು ತಲೆಬಾಗುತ್ತಿರುವುದು ಅಂಥ ಕೇಶಕ್ಕೆ.

ಆರೈಕೆಯಲ್ಲೂ ಒಬ್ಬರಿಗೊಂದು ಬಗೆ ಇತ್ತು. ಮಲೆನಾಡಿನ ನನ್ನ ಅಜ್ಜಿ ಮೊಮ್ಮಕ್ಕಳಿಗೆ ಎರೆಯುವ ದಿನ ಎಲ್ಲರ ತಲೆಗೂ ಒಂದೇ ಪುಡಿ ಸುರಿಯುತ್ತಿರಲಿಲ್ಲ. ಜಿಡ್ಡು ತಲೆಯವಳಿಗೆ ಸೀಗೆಕಾಯಿ. ಒಣಗಿದ ಗುಂಗುರು ಕೂದಲಿನವಳಿಗೆ ದಾಸವಾಳದ ಸೊಪ್ಪನ್ನು ಕಿವುಚಿದ ಲೋಳೆಲೋಳೆಯಾದ ಗೊಂಪು. ಮೈಸೂರು ಕಡೆಯ ನೆಂಟರ ಮನೆಯಲ್ಲಿ ಚಿಗರೆಪುಡಿ ಬಳಕೆಯಲ್ಲಿತ್ತು. ಮದುವೆಯಾಗಿ ಧಾರವಾಡದ ಕಡೆ ಬಂದ ಮೇಲೆ ‘ತಲೆ ಬಾಚು’ ಹೋಗಿ ‘ತಲೆ ಹಿಕ್ಕು’ ಬಂತು, ಬಾಚಣಿಗೆ ಹೋಗಿ ಹಣಿಗೆ ಬಂತು. ಅಂಟುವಾಳ, ಸೀಗೆಕಾಯಿಗಳಲ್ಲಿರುವ ಸ್ಯಾಪೋನಿನ್ ಎಂಬ ನೊರೆ ಬರಿಸುವ ವಸ್ತು ಜಿಡ್ಡನ್ನು ತೆಗೆಯುತ್ತದೆ ಎಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಆದರೆ ಯಾವ ತಲೆಗೆ ಯಾವುದು ಎಂಬುದು ಅವಳ ಕೈಗೆ ಗೊತ್ತಿತ್ತು.

ಇನ್ನು ನೂರಿಪ್ಪತ್ತು ವರ್ಷ ಹಿಂದಿನ ಲಂಡನ್ನಿಗೆ ಹೋಗೋಣ. ಅಲ್ಲಿನ ಶ್ರೀಮಂತ ಹೆಂಗಸರಿಗೆ ನೇರ ಕೂದಲೇ ಒಂದು ಕೊರಗು. ಅಲೆಅಲೆಯಾದ ಕೂದಲೇ ಆಗಿನ ಸೌಂದರ್ಯ. ಜರ್ಮನಿಯಿಂದ ಬಂದಿದ್ದ ಕಾರ್ಲ್ ನೆಸ್ಲರ್ ಎಂಬ ಕೇಶ ವಿನ್ಯಾಸಗಾರ 1906ರಲ್ಲಿ ತನ್ನ ಹೊಸ ಯಂತ್ರವನ್ನು ಅಲ್ಲಿ ಪ್ರದರ್ಶಿಸಿದ. ಕೂದಲನ್ನು ಭಾರವಾದ ಹಿತ್ತಾಳೆಯ ಕೊಳವೆಗಳಿಗೆ ಸುತ್ತಿ, ವಿದ್ಯುತ್ತಿನಿಂದ ಕಾಯಿಸಿ, ಶಾಶ್ವತವಾದ ಸುರುಳಿ ಬರಿಸುವ ಯಂತ್ರ ಅದು. ಕೊಳವೆಗಳ ಭಾರ ತಲೆಯ ಮೇಲೆ ಬೀಳದಂತೆ ಮೇಲಿನಿಂದ ತೂಗುಹಾಕಬೇಕಾಗಿತ್ತು. ಹೆಂಗಸು ಐದಾರು ಗಂಟೆ ಅಲುಗಾಡದೆ ಕೂರಬೇಕಾಗಿತ್ತು. ಮೊದಲ ಪ್ರಯೋಗಗಳು ನಡೆದದ್ದು ಆತನ ಹೆಂಡತಿಯ ತಲೆಯ ಮೇಲೆ. ಪಾಪ, ಆಕೆಯ ಕೂದಲು ಸುಟ್ಟುಹೋಗಿ, ನೆತ್ತಿಯೂ ಬೆಂದಿತ್ತು. ನಾವೀಗ ಪರ್ಮಿಂಗ್ ಎನ್ನುವುದರ ಹುಟ್ಟು ಇದು.

ವಿಚಿತ್ರ ನೋಡಿ, ಅದೇ ವರ್ಷಗಳಲ್ಲಿ ಅಟ್ಲಾಂಟಿಕ್ ಸಾಗರದ ಆಚೆ ಬದಿಯಲ್ಲಿ ಕಪ್ಪು ಹೆಂಗಸರು ಕಬ್ಬಿಣದ ಬಾಚಣಿಗೆಯನ್ನು ಒಲೆಯ ಮೇಲೆ ಕಾಯಿಸಿ ಸುರುಳಿಯನ್ನು ನೇರ ಮಾಡಿಕೊಳ್ಳುತ್ತಿದ್ದರು. ಲಂಡನ್ನಿನವಳು ಸುಟ್ಟುಕೊಂಡದ್ದು ಶೋಕಿಗಾಗಿ. ಅಮೆರಿಕದ ಕಪ್ಪು ಹೆಂಗಸಿಗೆ ಮಾತ್ರ ಅದು ಅನ್ನದ ಪ್ರಶ್ನೆಯೂ ಆಗಿತ್ತು. ಬಿಳಿಯರಂತೆ ಕಾಣುವ ಕೂದಲಿದ್ದರೆ ಕೆಲಸಕ್ಕೂ ಮರ್ಯಾದೆಗೂ ದಾರಿ ಸ್ವಲ್ಪ ಸಲೀಸು. ‘ಒಳ್ಳೆಯ ಕೂದಲು’ ಎಂಬ ಮಾತು ಅವರ ಮನೆಗಳಲ್ಲೂ ಇತ್ತು. ಒಡೆಯನ ಕೂದಲನ್ನು ಹೋಲುವುದೇ ಒಳ್ಳೆಯ ಕೂದಲು ಎಂಬುದು ಅದರ ಒಳ ಅರ್ಥ.

ಈ ಕಥೆಯಲ್ಲಿ ಬರುವ ದೊಡ್ಡ ಹೆಂಗಸು ಸಾರಾ ಬ್ರೀಡ್‌ಲವ್. ಲೂಸಿಯಾನಾದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ದಂಪತಿಗಳಿಗೆ 1867ರಲ್ಲಿ ಹುಟ್ಟಿದವಳು. 7ನೆಯ ವಯಸ್ಸಿಗೆ ತಬ್ಬಲಿ, 14ಕ್ಕೆ ಮದುವೆ, 20ಕ್ಕೆ ಕೈಗೂಸಿನೊಂದಿಗೆ ವಿಧವೆ. ಮುಂದೆ ಎಷ್ಟೋ ವರ್ಷ ಪರರ ಬಟ್ಟೆ ಒಗೆದೇ ಜೀವನ. ಕೊಳಾಯಿ ನೀರಿಲ್ಲದ ಮನೆಗಳಲ್ಲಿ ತಿಂಗಳಿಗೊಮ್ಮೆ ತಲೆ ತೊಳೆದರೆ ಹೆಚ್ಚು. ಬಟ್ಟೆ ಒಗೆಯುವ ಖಾರದ ಸೋಪೇ ತಲೆಗೂ. ನೆತ್ತಿಯೆಲ್ಲ ಹುಣ್ಣಾಗಿ ಅವಳ ಕೂದಲು ಉದುರತೊಡಗಿತು. ಆನಿ ಮಲೋನ್ ಎಂಬ ಮತ್ತೊಬ್ಬ ಕಪ್ಪು ಮಹಿಳೆ ತಯಾರಿಸುತ್ತಿದ್ದ ಔಷಧಿಯನ್ನು ಮಾರುತ್ತಾ ಕೆಲಸ ಕಲಿತು, 1905ರಲ್ಲಿ ಡೆನ್ವರಿಗೆ ಹೋಗಿ, ತನ್ನದೇ ಮುಲಾಮನ್ನು ಮನೆಮನೆಗೆ ಹೊತ್ತು ಮಾರಿದಳು. ಮೂರನೆಯ ಗಂಡನ ಹೆಸರು ಸೇರಿಸಿಕೊಂಡು ಮೇಡಂ ಸಿ.ಜೆ. ವಾಕರ್ ಆದಳು.

ಅವಳು ಹೇಳಿಕೊಟ್ಟದ್ದರಲ್ಲಿ ಮಂತ್ರವೇನೂ ಇರಲಿಲ್ಲ: ತಲೆಯನ್ನು ಹೆಚ್ಚು ಬಾರಿ ತೊಳೆಯಿರಿ, ನೆತ್ತಿಯನ್ನು ಸ್ವಚ್ಛವಾಗಿಡಿ, ಮೃದುವಾಗಿ ಉಜ್ಜಿ, ಮುಲಾಮು ಹಚ್ಚಿ. ಕಾದ ಬಾಚಣಿಗೆ ಅವಳ ಕ್ರಮದಲ್ಲೂ ಇತ್ತು. ಆದರೆ ತನ್ನನ್ನು ‘ಕೂದಲು ನೇರ ಮಾಡುವವಳು’ ಎಂದು ಕರೆದರೆ ಅವಳು ಒಪ್ಪುತ್ತಿರಲಿಲ್ಲ. ತನ್ನ ಕೆಲಸ ಕೂದಲು ಬೆಳೆಸುವುದು ಎನ್ನುತ್ತಿದ್ದಳು. 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಾರ್ಖಾನೆ ಕಟ್ಟಿದಳು. ಸಾವಿರಾರು ಕಪ್ಪು ಹೆಂಗಸರು ಪರರ ಬಟ್ಟೆ ಒಗೆಯುವುದು ಬಿಟ್ಟು ಅವಳ ಏಜೆಂಟರಾಗಿ ಸ್ವಂತ ದುಡಿಮೆ ಕಂಡರು. 1917ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರದೊಂದು ಸಮ್ಮೇಳನ ನಡೆಯಿತು. ಎಣ್ಣೆ, ಮುಲಾಮು ಮಾರುವ ಹೆಂಗಸರ ಆ ಸಭೆ ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವುದನ್ನು ಖಂಡಿಸಿ ಅಮೆರಿಕದ ಅಧ್ಯಕ್ಷರಿಗೆ ತಂತಿ ಕಳುಹಿಸಿತು. ತಲೆಯ ಆರೈಕೆಯಿಂದ ಹೊರಟ ಹೆಂಗಸರು ತಲೆಯೆತ್ತಿ ಮಾತನಾಡಿದರು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುವ ನಮ್ಮ ಗಾದೆಯನ್ನು ಅವರು ಕೇಳಿರಲಿಲ್ಲ, ಒಳ್ಳೆಯದಾಯಿತು.

ಇದೇ ಕಾಲದಲ್ಲಿ ಕೆಲವು ವಿದ್ವಾಂಸರು ಕೂದಲನ್ನು ಬೇರೆಯೇ ಉದ್ದೇಶಕ್ಕೆ ಅಳೆಯುತ್ತಿದ್ದರು. ಯೂಜೆನ್ ಫಿಷರ್ ಎಂಬ ಜರ್ಮನ್ ಪಂಡಿತ ಒಂದು ಪೆಟ್ಟಿಗೆಯಲ್ಲಿ 30 ಬಗೆಯ ಕೂದಲಿನ ಮಾದರಿಗಳನ್ನು ಜೋಡಿಸಿದ್ದ. 1908ರಲ್ಲಿ ಆಫ್ರಿಕಾದ ಈಗಿನ ನಮೀಬಿಯಾಕ್ಕೆ ಹೋಗಿ, ಬಿಳಿಯರಿಗೂ ಅಲ್ಲಿನವರಿಗೂ ಹುಟ್ಟಿದ ಕುಟುಂಬಗಳ ಜನರನ್ನು ಅಳೆದು, ಯಾರ ರಕ್ತ ಎಷ್ಟು ಶ್ರೇಷ್ಠವೆಂದು ಬರೆದ. ಮುಂದೆ ಹಿಟ್ಲರನ ಜನಾಂಗ ನೀತಿಗೆ ಇಂಥವರ ಪಾಂಡಿತ್ಯವೇ ಆಸರೆಯಾಯಿತು. ಈ ಫಿಷರನ ಕೈಕೆಳಗೆ 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನಲ್ಲಿ ಸಂಶೋಧನೆ ಮಾಡಿದವರು ನಮ್ಮ ‘ಯುಗಾಂತ’ದ ಇರಾವತಿ ಕರ್ವೆ. ಬಿಳಿಯರ ತಲೆಬುರುಡೆಗೂ ಇತರರದಕ್ಕೂ ವ್ಯತ್ಯಾಸವಿರಬೇಕೆಂಬುದು ಗುರುವಿನ ನಂಬಿಕೆ. ಬುರುಡೆಗಳನ್ನು ಒಂದೊಂದಾಗಿ ಅಳೆದ ಇರಾವತಿ, ಅಂಥ ಸಂಬಂಧ ಕಾಣುವುದಿಲ್ಲವೆಂದು ಗುರುವಿನ ಎದುರಿಗೇ ಬರೆದುಕೊಟ್ಟರು. ಪರದೇಶದಲ್ಲಿ ಒಬ್ಬಂಟಿ ವಿದ್ಯಾರ್ಥಿನಿಗೆ ಅದೇನು ಸಣ್ಣ ಧೈರ್ಯವೇ?

ಆದರೆ ಅಳತೆಯ ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯಿದೆ ಪ್ರತಿಯೊಬ್ಬರನ್ನೂ ಬಿಳಿಯ, ಕಪ್ಪು, ಮಿಶ್ರ ಎಂದು ವಿಂಗಡಿಸಿತು. ಸಂದೇಹ ಬಂದಾಗ ಅಧಿಕಾರಿಗಳು ಬಳಸುತ್ತಿದ್ದ ಉಪಾಯಗಳಲ್ಲಿ ಒಂದು ಪೆನ್ಸಿಲ್ ಪರೀಕ್ಷೆ. ತಲೆಗೂದಲಿನೊಳಗೆ ಒಂದು ಪೆನ್ಸಿಲ್ ತೂರಿಸುವುದು. ಜಾರಿ ಬಿದ್ದರೆ ಬಿಳಿಯ, ಸುರುಳಿಯಲ್ಲಿ ಸಿಕ್ಕಿಕೊಂಡರೆ ಅಲ್ಲ. ನಾವು ಮಕ್ಕಳ ಕೈಗೆ ಅಕ್ಷರ ಕಲಿಯಲಿಕ್ಕೆಂದು ಕೊಡುವ ಪೆನ್ಸಿಲ್ಲಿನಿಂದ ಒಂದು ಸರ್ಕಾರ ಮನುಷ್ಯರ ಊರು, ಶಾಲೆ, ಮದುವೆಗಳನ್ನು ನಿರ್ಧರಿಸಿತು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಪಟ್ಟಿಗೆ ಸೇರಿದ್ದುಂಟು. 1966ರಲ್ಲಿ ಸ್ಯಾಂಡ್ರಾ ಲೈಂಗ್ ಎಂಬ 10 ವರ್ಷದ ಹುಡುಗಿಯನ್ನು, ತಂದೆತಾಯಿ ಬಿಳಿಯರೇ ಆಗಿದ್ದರೂ, ಅವಳ ಮೈಬಣ್ಣ ಮತ್ತು ಗುಂಗುರು ಕೂದಲು ಬಿಳಿಯರದಲ್ಲವೆಂದು ಬಿಳಿಯರ ಶಾಲೆಯಿಂದ ಹೊರಹಾಕಿ ಪೊಲೀಸರೊಂದಿಗೆ ಮನೆಗೆ ಕಳುಹಿಸಿದರು. ಆ ಕಾಯಿದೆ ರದ್ದಾದದ್ದು 1991ರಲ್ಲಿ. ಕಾಯಿದೆ ಹೋದ ಮೇಲೂ ಅಭ್ಯಾಸ ಉಳಿಯಿತು. 2016ರಲ್ಲಿ ಪ್ರಿಟೋರಿಯಾದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ತಮ್ಮ ಹುಟ್ಟು ಕೂದಲನ್ನು ಅಶಿಸ್ತು ಎನ್ನಬಾರದೆಂದು ಹುಡುಗಿಯರೇ ಪ್ರತಿಭಟಿಸಬೇಕಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಕೂದಲಿನ ಬಗೆಯ ನೆಪದಲ್ಲಿ ಶಾಲೆಯಲ್ಲೂ ಕೆಲಸದಲ್ಲೂ ಭೇದ ಮಾಡಬಾರದೆಂದು ಕಾನೂನು ಮಾಡಿದ್ದು 2019ರಲ್ಲಿ.

ಅದೆಲ್ಲ ಪರದೇಶದ ಮಾತು ಎಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಗಳ ಕಡೆ ಇರುವ ಸಿದ್ದಿ ಜನ ಕನ್ನಡ, ಕೊಂಕಣಿ ಆಡುವ ನಮ್ಮವರೇ. ಪೋರ್ಚುಗೀಸರು, ಅರಬರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತಂದವರ ವಂಶದವರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಪೇಟೆಗೆ ಬಂದ ಸಿದ್ದಿ ಹುಡುಗಿಯ ತಲೆಗೂದಲನ್ನು ಕೇಳದೆ ಮುಟ್ಟಿ ನೋಡುವ ಕೈಗಳು ನಮ್ಮಲ್ಲಿ ಇಲ್ಲವೆನ್ನಲಾದೀತೇ?

ನಮ್ಮ ಶಾಲೆಗಳ ನಿಯಮವನ್ನೇ ನೋಡಿ. ಎರಡು ಜಡೆ, ಮಡಿಸಿ ಕಟ್ಟಿದ ರಿಬ್ಬನ್ನು, ಎಣ್ಣೆ ಹಚ್ಚಿ ಒಪ್ಪವಾಗಿ ಬಾಚಿದ ತಲೆ. ನೇರ ಕೂದಲಿನವಳಿಗೆ ಹತ್ತು ನಿಮಿಷದ ಕೆಲಸ. ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಬಹಳ ಗುಂಗುರು ಕೂದಲಿತ್ತು. ಪ್ರಾರ್ಥನೆಯ ಸಾಲಿನಿಂದ ವಾರಕ್ಕೆರಡು ಸಲ ಅವಳನ್ನು ಹೊರಗೆ ನಿಲ್ಲಿಸುತ್ತಿದ್ದರು. ತಾಯಿ ಬೆಳಿಗ್ಗೆ ಒಣ ಕೂದಲನ್ನೇ ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆದು ಬಿಗಿದು ಕಟ್ಟುವರು. ವರ್ಷ ಕಳೆಯುವಷ್ಟರಲ್ಲಿ ಹಣೆಯ ಮೇಲಿನ ಕೂದಲ ಅಂಚು ಹಿಂದೆ ಸರಿದಿತ್ತು. ಸದಾ ಬಿಗಿಯಾಗಿ ಎಳೆದರೆ ಕೂದಲ ಬೇರೇ ಸೋಲುತ್ತದೆ, ಬಹುಕಾಲ ಹಾಗೇ ಮಾಡಿದರೆ ಮತ್ತೆ ಬೆಳೆಯದೆಯೂ ಹೋಗಬಹುದು. ಶಿಕ್ಷಕರ ಸಭೆಯಲ್ಲಿ ನಾನು ಎದ್ದು ಕೇಳಿದ್ದು ಒಂದೇ: ನಿಯಮದಲ್ಲಿ ‘ಎರಡು ಜಡೆ’ ಎನ್ನುವ ಬದಲು ‘ಸ್ವಚ್ಛವಾಗಿ ಕಟ್ಟಿದ ಕೂದಲು’ ಎಂದು ಬರೆಯಬಾರದೇ? ಎರಡು ಸಭೆಗಳ ವಾದದ ನಂತರ ಹಾಗೆ ಬರೆದರು. ಆ ಹುಡುಗಿ ಸಡಿಲವಾದ ಒಂದು ಗಂಟು ಕಟ್ಟಿಕೊಂಡು ಬರತೊಡಗಿದಳು. ಶಾಲೆಯ ಶಿಸ್ತಿಗೆ ಅದರಿಂದ ಏನೂ ಭಂಗ ಬರಲಿಲ್ಲ.

ಅಜ್ಜಿಯ ಕೈ ಮರೆಯಾದ ಮೇಲೆ ಆ ಜಾಗಕ್ಕೆ ಪೇಟೆ ಬಂತು. ಶಾಂಪೂ ಎಂಬ ಪದವೇ ನಮ್ಮ ದೇಶದ ‘ಚಾಂಪೀ’ಯಿಂದ ಹೋದದ್ದು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಮೈ ತಿಕ್ಕುವ ಸ್ನಾನಗೃಹ ತೆರೆದು ಆ ಮಾತನ್ನು ಅಲ್ಲಿ ಹಬ್ಬಿಸಿದ. ತಿಕ್ಕುವುದೆಂಬ ಅರ್ಥ ಹೋಗಿ ತಲೆ ತೊಳೆಯುವ ದ್ರವವಾಗಿ ಅದು ನಮಗೆ ಹಿಂತಿರುಗಿತು. 1980ರ ದಶಕದಲ್ಲಿ ತಮಿಳುನಾಡಿನಿಂದ ಬಂದ ಪುಟ್ಟ ಪ್ಯಾಕೆಟ್ಟುಗಳು ಅದನ್ನು ಹಳ್ಳಿಯ ಗೂಡಂಗಡಿಯವರೆಗೂ ತೂಗುಹಾಕಿದವು. ಇಂದು ಅದರ ಜೊತೆಗೆ ಊರೂರ ಬ್ಯೂಟಿ ಪಾರ್ಲರುಗಳಲ್ಲಿ ಸ್ಟ್ರೇಟನಿಂಗ್, ಸ್ಮೂತನಿಂಗ್ ಬಂದಿವೆ. ಮಗಳ ಮದುವೆಗೆಂದು ಸಾವಿರಾರು ರೂಪಾಯಿ ಸುರಿದು ಗುಂಗುರನ್ನು ಅಳಿಸುತ್ತೇವೆ. ಇಂಥ ಕೆಲವು ದ್ರವಗಳನ್ನು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬರುತ್ತದೆ. ಅದು ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅದರ ಪ್ರಕಾರ, ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡಾ 1.64 ಇದ್ದರೆ, ಪದೇ ಪದೇ ಬಳಸಿದವರಲ್ಲಿ ಶೇಕಡಾ 4.05. ಒಂದಕ್ಕೆ ಇನ್ನೊಂದೇ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಹಣ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿ ಇದು.

ಅಳತೆ ಎಂಬುದೇ ಕೆಟ್ಟದ್ದಲ್ಲ, ಯಾತಕ್ಕೆ ಅಳೆಯುತ್ತೇವೆಂಬುದು ಮುಖ್ಯ. 1997ರಲ್ಲಿ ಆಂಡ್ರೆ ವಾಕರ್ ಎಂಬ ಅಮೆರಿಕದ ಕೇಶ ವಿನ್ಯಾಸಗಾರ ಕೂದಲನ್ನು ನೇರ, ಅಲೆ, ಗುಂಗುರು, ಬಿಗಿ ಗುಂಗುರು ಎಂದು ನಾಲ್ಕು ಬಗೆಯಾಗಿ ಪುಸ್ತಕದಲ್ಲಿ ಬರೆದ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ 18 ದೇಶಗಳ ಜನರ ಕೂದಲನ್ನು ಅಳೆದು, ಜನಾಂಗದ ಹೆಸರುಗಳನ್ನು ಬದಿಗಿಟ್ಟು, ಸುರುಳಿಯ ಬಾಗನ್ನಷ್ಟೇ ನೋಡಿ ಎಂಟು ಬಗೆ ಮಾಡಿತು. ಈ ಅಳತೆಯಿಂದ ಯಾರೂ ಶಾಲೆಯಿಂದ ಹೊರಬೀಳುವುದಿಲ್ಲ. ಯಾವ ತಲೆಗೆ ಯಾವ ಆರೈಕೆ ಎಂಬುದಷ್ಟೇ ತಿಳಿಯುತ್ತದೆ. ಅಜ್ಜಿ ಮಾಡುತ್ತಿದ್ದುದೂ ಇದನ್ನೇ.

ಹಾಗಾದರೆ ನಮ್ಮದು ಯಾವ ಬಗೆ? ಎಣ್ಣೆ ಹಚ್ಚದೆ ತಲೆ ತೊಳೆದು, ಬಾಚದೆ, ಹಾಗೇ ಗಾಳಿಗೆ ಒಣಗಲು ಬಿಟ್ಟು ಕನ್ನಡಿ ನೋಡಿ. ಅದೇ ನಿಮ್ಮ ಕೂದಲಿನ ನಿಜರೂಪ. ನೇರವಾಗಿದ್ದು ಮಾರನೆಯ ದಿನವೇ ಜಿಡ್ಡಾಗುವುದಾದರೆ ವಾರಕ್ಕೆ ಎರಡು ಮೂರು ಸಲ ತೊಳೆಯಿರಿ, ಎಣ್ಣೆ ಕಡಿಮೆ ಮಾಡಿ, ಒದ್ದೆ ಕೂದಲನ್ನು ಸ್ವಲ್ಪ ಆರಲು ಬಿಟ್ಟು ಬಾಚಿ. ಅಲೆಯ ಕೂದಲಿಗೆ ಬುಡವನ್ನಷ್ಟೇ ಉಜ್ಜಿ ತೊಳೆದು, ತುದಿಗೆ ನಾಲ್ಕು ಹನಿ ಎಣ್ಣೆ ಸಾಕು. ಗುಂಗುರಿನವರು ವಾರಕ್ಕೊಮ್ಮೆ ತೊಳೆದರೂ ನಡೆದೀತು. ಕೂದಲು ಒದ್ದೆಯಿರುವಾಗಲೇ ಕಂಡೀಷನರನ್ನೋ ಗೊಂಪನ್ನೋ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಒಣಗಿದ ಮೇಲೆ ಬಾಚಲೇಬಾರದು. ತೊಳೆಯುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚುವ ನಮ್ಮ ಪದ್ಧತಿಗೆ ಪ್ರಯೋಗಾಲಯದ ಸಾಕ್ಷಿಯೂ ಇದೆ. ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳಿಗಿಂತ ಅದು ಕೂದಲಿನೊಳಕ್ಕೆ ಇಳಿದು, ಕೂದಲಿನ ಪ್ರೋಟೀನು ಸೋರಿಹೋಗದಂತೆ ತಡೆಯುತ್ತದೆಂದು ಮುಂಬಯಿಯ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ಆದರೆ ತಲೆಹೊಟ್ಟಿಗೆ ಎಣ್ಣೆ ಮದ್ದಲ್ಲ, ಕೆಲವರಲ್ಲಿ ಹೊಟ್ಟು ಅದರಿಂದ ಹೆಚ್ಚುತ್ತದೆ. ಬೋರ್‌ವೆಲ್ಲಿನ ಗಡಸು ನೀರಿರುವ ಊರಿನವರು ತಲೆಗೆ ಸೋಪು ಹಾಕದಿರುವುದು ಮೇಲು. ಅದರ ಗಸಿ ಕೂದಲಿಗೆ ಅಂಟಿ ಮಂಕಾಗಿಸುತ್ತದೆ.

ಬಾಣಂತಿಯರಿಗೆ ಹೆರಿಗೆಯಾದ ಎರಡು ನಾಲ್ಕು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದು ಸಹಜ, ಸಾಮಾನ್ಯವಾಗಿ ವರ್ಷದೊಳಗೆ ಸರಿಹೋಗುತ್ತದೆ. ಉಳಿದವರಲ್ಲಿ ಉದುರುವಿಕೆ ನಿಲ್ಲದಿದ್ದರೆ ಎಣ್ಣೆಯ ಬಾಟಲಿ ಬದಲಿಸುತ್ತಾ ಕೂರುವುದಕ್ಕಿಂತ ರಕ್ತಹೀನತೆಯನ್ನೂ ಥೈರಾಯ್ಡನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಸಿದರೆ ಜುಟ್ಟು ತಾನೇ ಎಷ್ಟು ದಿನ ಉಳಿದೀತು?

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಮಗಳನ್ನು ಮುಂದೆ ಕೂರಿಸಿಕೊಂಡು ಸಿಕ್ಕು ಬಿಡಿಸುವಾಗ ‘ಇದೆಂಥಾ ಕೂದಲೇ ನಿಂದು’ ಎಂಬ ಮಾತು ಬಾಯಿತುದಿಗೆ ಬರುತ್ತದೆ, ಅದನ್ನು ಅಲ್ಲೇ ನುಂಗಿಕೊಳ್ಳಿ. ‘ನಿನ್ನದು ಗುಂಗುರು ಕೂದಲು, ಅದನ್ನು ಒದ್ದೆಯಿದ್ದಾಗ ಬಾಚಬೇಕು’ ಎಂದು ಹೇಳಿ. ಮಗು ಅಷ್ಟನ್ನು ತಿಳಿದುಕೊಂಡರೆ, ನಾಳೆ ಯಾರಾದರೂ ತನ್ನ ಕೂದಲಿಗೆ ಷರಾ ಬರೆಯಲು ಬಂದಾಗ ತಲೆ ತಗ್ಗಿಸಬೇಕಾಗಿ ಬರುವುದಿಲ್ಲ.